ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರಿದ ಗದಗದ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆಗಳನ್ನು ನಿಧಾನವಾಗಿ ಓದಿದೆ. ಗದಗದಲ್ಲಿ ಬೆಳೆದು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಈಗ ಮೂರು ತಿಂಗಳಿಂದ ಸ್ಟುಟ್‌ಗಾರ್ಟ್ ಹತ್ತಿರದ ಕಂಪನಿಯಲ್ಲಿ ಉತ್ಪಾದನಾ ಯೋಜನೆಯ ಕೆಲಸ ನೋಡಿಕೊಳ್ಳುತ್ತಿರುವುದಾಗಿ ಬರೆದಿದ್ದೀಯ. ಮ್ಯಾನೇಜರ್ ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ, ಕೆಲಸ ಮುಗಿಯದೆ ರಾತ್ರಿ ಮನೆಯಲ್ಲೂ ಲ್ಯಾಪ್‌ಟಾಪ್ ತೆರೆಯುತ್ತೀಯ, ನಿದ್ದೆ ಬರುತ್ತಿಲ್ಲ, ಪ್ರೊಬೇಷನ್ ಇನ್ನೂ ಮುಗಿಯದಿರುವುದರಿಂದ ಇದನ್ನು ಎಚ್‌ಆರ್‌ಗೆ, ಅಂದರೆ ಸಿಬ್ಬಂದಿ ವಿಭಾಗಕ್ಕೆ, ಹೇಳಬೇಕೋ ಮುಚ್ಚಿಡಬೇಕೋ ಎಂದು ಕೇಳಿದ್ದೀಯ. ನಾನು ಧಾರವಾಡದವಳು. ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಲ್ಲಿ ಎಂಬಿಎ ಓದಿ, ಮೊದಲು ಬೇಲೂರಿನಲ್ಲಿ, ಆಮೇಲೆ ಬಹಳ ವರ್ಷಗಳಿಂದ ಜರ್ಮನಿಯಲ್ಲಿ ಎಚ್‌ಆರ್ ಕೆಲಸವನ್ನೇ ಮಾಡುತ್ತಿದ್ದೇನೆ. ಸದ್ಯ ರಜೆಯಲ್ಲಿ ಧಾರವಾಡದ ಮನೆಯಲ್ಲಿರುವುದರಿಂದ ಸಾವಕಾಶವಾಗಿ ಬರೆಯಲು ಸಮಯವೂ ಸಿಕ್ಕಿದೆ.

ಮೊದಲು ನಿನ್ನ ಮ್ಯಾನೇಜರ್ ವಿಷಯ. ಬೇಲೂರಿನಲ್ಲಿ ನಾವು ಕಂಡ ಮೇಲಧಿಕಾರಿ ಕೆಲಸ ಹಂಚುವುದರ ಜೊತೆಗೆ ಮನೆಯ ಹಿರಿಯನ ಪಾತ್ರವನ್ನೂ ವಹಿಸುತ್ತಾರೆ. ಮುಂಗಾರು ಬಿದ್ದು ಬಿತ್ತನೆ ಶುರುವಾದರೆ ಸುತ್ತಲಿನ ಹಳ್ಳಿಗಳಿಂದ ಬರುವವರು ಎರಡು ದಿನ ಕೆಲಸಕ್ಕೆ ಬರಲಾರರು ಎಂಬುದು ಸೂಪರ್‌ವೈಸರ್‌ಗೆ ಮೊದಲೇ ಗೊತ್ತಿರುತ್ತದೆ. ಮಗಳ ಮದುವೆಗೆ ಅಡ್ವಾನ್ಸ್ ಬೇಕಾದೀತೆಂದು ಅವರೇ ಅಕೌಂಟ್ಸ್‌ನವರ ಕಿವಿಗೆ ಹಾಕಿರುತ್ತಾರೆ. ಮುಖ ಬಾಡಿದ್ದರೆ ಚಹಾದ ಹೊತ್ತಿಗೆ ಪಕ್ಕಕ್ಕೆ ಕರೆದು ‘ಏನಾಗೇದ, ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?’ ಎಂದು ವಿಚಾರಿಸುತ್ತಾರೆ. ಡಿಸ್‌ಪ್ಯಾಚ್ ತಪ್ಪಿದ ದಿನ ಅದೇ ಸಾಹೇಬರು ಎಲ್ಲರೆದುರು ಕೂಗಾಡಿಯೂ ಬಿಡುತ್ತಾರೆ. ಅಕ್ಕರೆಯೂ ಸಿಟ್ಟೂ ಒಬ್ಬರಿಂದಲೇ ಬರುವುದರಿಂದ ಅವರ ಮನಸ್ಸಿನಲ್ಲಿ ನಮ್ಮ ಸ್ಥಾನ ಯಾವುದು ಎಂಬುದು ನಮಗೆ ಪ್ರತಿದಿನ ತಿಳಿಯುತ್ತಿರುತ್ತದೆ. ನೀನು ಅಲ್ಲಿ ಹುಡುಕುತ್ತಿರುವುದು ಈ ಸೂಚನೆಗಳನ್ನೇ. ಅವು ಸಿಗದಿರುವುದರಿಂದಲೇ ಏನೋ ತಪ್ಪಾಗಿದೆ ಎಂಬ ಅಳುಕು ನಿನ್ನನ್ನು ಕಾಡುತ್ತಿದೆ.

ಸ್ಟುಟ್‌ಗಾರ್ಟ್ ಇರುವುದು ಶ್ವಾಬಿಯಾ ಸೀಮೆಯಲ್ಲಿ. ‘ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ’ ಎಂಬ ಗಾದೆ ಅಲ್ಲಿಯ ಜನರ ಬಾಯಲ್ಲಿ ಇಂದಿಗೂ ಇದೆ. ಆದ್ದರಿಂದ ನಿನ್ನ ಮ್ಯಾನೇಜರ್ ಸುಮ್ಮನಿರುವುದಕ್ಕೆ ಕೆಟ್ಟ ಅರ್ಥ ಹಚ್ಚಬೇಡ. ಆದರೆ ನಿನ್ನ ಮೌನಕ್ಕೆ ಅವರು ಯಾವ ಅರ್ಥ ಕೊಡುತ್ತಿದ್ದಾರೆ ಎಂಬುದನ್ನು ನೀನು ಯೋಚಿಸಲೇಬೇಕು. ಮೀಟಿಂಗಿನಲ್ಲಿ ‘ಈ ವಾರದೊಳಗೆ ಆಗುತ್ತದೆಯೇ?’ ಎಂದು ಕೇಳಿದಾಗ ನೀನು ತಲೆಯಾಡಿಸುತ್ತೀಯ. ಹಿರಿಯರಿಗೆ ಎಲ್ಲರ ಮುಂದೆ ಆಗುವುದಿಲ್ಲ ಎನ್ನುವುದು ನಮ್ಮಲ್ಲಿ ಉದ್ಧಟತನ. ಅವರು ಅದನ್ನು ಎಂಜಿನಿಯರ್ ಒಬ್ಬ ಲೆಕ್ಕ ಹಾಕಿ ಕೊಟ್ಟ ಮಾತೆಂದು ಬರೆದುಕೊಂಡು, ಅದರ ಮೇಲೆ ಗಿರಾಕಿಗೆ ದಿನಾಂಕ ಕೊಡುತ್ತಾರೆ. ಐಬಿಎಂ ನೌಕರರ ಸಮೀಕ್ಷೆಯ ಆಧಾರದ ಮೇಲೆ ದೇಶದೇಶಗಳ ಉದ್ಯೋಗ ಸಂಸ್ಕೃತಿಯನ್ನು ಹೋಲಿಸಿದ ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್, ಅಧಿಕಾರದ ಅಂತರವನ್ನು ಜನ ಎಷ್ಟರ ಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಭಾರತಕ್ಕೆ 77, ಜರ್ಮನಿಗೆ 35 ಅಂಕ ಕೊಟ್ಟಿದ್ದರು. ಆ ಸಮೀಕ್ಷೆ ಅರ್ಧ ಶತಮಾನದಷ್ಟು ಹಳೆಯದು, ದೇಶದ ಅಂಕದಿಂದ ಒಬ್ಬ ಮನುಷ್ಯನನ್ನು ಅಳೆಯುವುದೂ ಸರಿಯಲ್ಲ. ಆದರೂ ನಿನ್ನ ಮತ್ತು ನಿನ್ನ ಮ್ಯಾನೇಜರ್ ನಡುವೆ ಆಗುತ್ತಿರುವ ತಪ್ಪು ತಿಳಿವಳಿಕೆ ಆ ಎರಡು ಅಂಕಗಳ ನಡುವೆಯೇ ಇದೆ ಎಂದು ನನಗನಿಸುತ್ತದೆ.

ಹೊರೆಯ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಿಚಾರವನ್ನು. ಮನುಷ್ಯನನ್ನು ಕುಗ್ಗಿಸುವುದು ಬರಿಯ ಕೆಲಸದ ಹೆಚ್ಚಳವಲ್ಲ. ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ, ಯಾವ ಕ್ರಮದಲ್ಲಿ ಮಾಡಬೇಕೆಂಬ ನಿರ್ಧಾರ ಕೈಯಲ್ಲಿಲ್ಲದಾಗ ಒತ್ತಡ ಕಾಯಿಲೆಯ ಕಡೆಗೆ ತಿರುಗುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಜರ್ಮನಿಯಲ್ಲಿ ಪ್ರಾಧ್ಯಾಪಕರಾಗಿದ್ದ ಯೋಹಾನೆಸ್ ಸೀಗ್ರಿಸ್ಟ್ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಪಟ್ಟ ಶ್ರಮಕ್ಕೆ ತಕ್ಕ ಸಂಬಳ, ಮನ್ನಣೆ, ಕೆಲಸದ ಭದ್ರತೆ ಸಿಗದಿದ್ದರೆ ದೇಹವೇ ಆ ಬಾಕಿಯನ್ನು ತೀರಿಸಬೇಕಾಗುತ್ತದೆ. ನಿನ್ನ ಪತ್ರದ ಪ್ರಕಾರ ಕ್ರಮ ನಿರ್ಧರಿಸುವ ಸ್ವಾತಂತ್ರ್ಯವನ್ನು ಕಂಪನಿ ನಿನಗೆ ಕೊಟ್ಟಿದೆ. ಕೇಳದೆ ಬಳಸಿಕೊಂಡರೆ ತಪ್ಪಾದೀತೆಂದು ನೀನೇ ಅದನ್ನು ಮುಟ್ಟಿಲ್ಲ. ಬರುವ ಸೋಮವಾರ ಮ್ಯಾನೇಜರ್ ಜೊತೆ ಅರ್ಧ ಗಂಟೆಯ ಸಮಯ ಕೇಳಿಕೊಂಡು, ಕೈಯಲ್ಲಿರುವ ಕೆಲಸಗಳ ಪಟ್ಟಿಯನ್ನೂ ಪ್ರತಿಯೊಂದಕ್ಕೆ ಹಿಡಿಯುವ ಗಂಟೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ‘ಮೊದಲ ಎರಡನ್ನು ಶುಕ್ರವಾರಕ್ಕೆ ಕೊಡುತ್ತೇನೆ, ಮೂರನೆಯದಕ್ಕೆ ಮುಂದಿನ ಬುಧವಾರ ಬೇಕು, ಈ ಕ್ರಮ ನಿಮಗೆ ಸರಿಯೇ?’ ಎಂದು ಕೇಳು. ಕಷ್ಟವಾಗುತ್ತಿದೆ ಎಂದಷ್ಟೇ ಹೇಳಿದರೆ ಅವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಗಂಟೆಗಳ ಲೆಕ್ಕ ಮುಂದಿಟ್ಟರೆ ಅದು ಅವರಿಗೆ ದಿನನಿತ್ಯದ ಯೋಜನೆಯ ಮಾತು, ಉತ್ತರ ಕೊಡುವುದು ಅವರ ಕರ್ತವ್ಯ.

ರಾತ್ರಿಯ ಲ್ಯಾಪ್‌ಟಾಪನ್ನು ಇಂದಿನಿಂದಲೇ ನಿಲ್ಲಿಸು. ಬೇಲೂರಿನಲ್ಲಿ ನಾವು 1948ರ ಕಾರ್ಖಾನೆ ಕಾಯಿದೆಯ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಲೆಕ್ಕ ಇಡುತ್ತಿದ್ದೆವು. ಆದರೂ ಸಾಹೇಬರು ಏಳುವವರೆಗೆ ಕೂತಿರುವುದು ನಿಷ್ಠೆ ಎನಿಸಿಕೊಳ್ಳುತ್ತಿತ್ತು. ಜರ್ಮನಿಯ 1994ರ ಕೆಲಸದ ಸಮಯದ ಕಾಯಿದೆಯಂತೆ ದಿನದ ದುಡಿಮೆ 8 ಗಂಟೆ. 10ರವರೆಗೆ ಹೋಗಬಹುದು, ಆದರೆ ಆರು ತಿಂಗಳ ಸರಾಸರಿ 8 ಮೀರಬಾರದು. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ 11 ಗಂಟೆ ವಿಶ್ರಾಂತಿ ಇರಲೇಬೇಕು. ರಾತ್ರಿ ಹತ್ತೂವರೆಗೆ ಮೇಲ್ ಕಳಿಸಿ ಬೆಳಿಗ್ಗೆ ಏಳಕ್ಕೆ ಆಫೀಸಿನಲ್ಲಿರುವವನ ಬಗ್ಗೆ ನಮ್ಮ ವಿಭಾಗದಲ್ಲಿ ಮೆಚ್ಚುಗೆ ಹುಟ್ಟುವುದಿಲ್ಲ. ಈ ನಿಯಮ ಮುರಿದರೆ ಉತ್ತರಿಸಬೇಕಾದವರು ಕಂಪನಿಯವರು ಎಂಬ ಚಿಂತೆ ಹುಟ್ಟುತ್ತದೆ.

ಇನ್ನು ಎಚ್‌ಆರ್‌ಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ. ಈ ವಿಭಾಗದಲ್ಲೇ ಇರುವವಳಾಗಿ ನೇರವಾಗಿ ಹೇಳುತ್ತೇನೆ: ಎಚ್‌ಆರ್ ಕಂಪನಿಯ ಪರವಾಗಿ ಕೆಲಸ ಮಾಡುವ ವಿಭಾಗ. ನಮ್ಮಲ್ಲಿ ಕರುಣೆ ಇದೆ, ಜೊತೆಗೆ ಮಾಲೀಕರಿಗೆ ಸಲಹೆ ಕೊಡುವ ಹೊಣೆಯೂ ಇದೆ. ಎರಡೂ ಎದುರುಬದುರಾದಾಗ ಎರಡನೆಯದು ಗೆಲ್ಲುವುದನ್ನು ನಾನು ಎರಡೂ ದೇಶಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಕೆಲಸದ ಹೊರೆಯನ್ನು, ಗಂಟೆಗಳನ್ನು, ತರಬೇತಿಯ ಕೊರತೆಯನ್ನು ಎಚ್‌ಆರ್‌ಗೆ ಧೈರ್ಯವಾಗಿ ಬರೆದು ತಿಳಿಸು. 2013ರಿಂದ ಕೆಲಸದಿಂದಾಗುವ ಮಾನಸಿಕ ಹೊರೆಯನ್ನೂ ಕಂಪನಿ ಪರಿಶೀಲಿಸಬೇಕೆಂದು ಜರ್ಮನಿಯ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ, ಹೀಗಾಗಿ ಅಂಥ ಪತ್ರವನ್ನು ನಾವು ಪಕ್ಕಕ್ಕಿಡುವಂತಿಲ್ಲ. ನಿದ್ದೆಯ ಮಾತು, ಮನಸ್ಸಿನ ಮಾತು, ಔಷಧದ ಮಾತು ಮಾತ್ರ ಅಲ್ಲಿ ಬೇಡ. ಅದಕ್ಕೆ ಕಂಪನಿಯ ವೈದ್ಯರಿದ್ದಾರೆ. ಅವರಿಗೆ ಸಂಬಳ ಕೊಡುವುದು ಕಂಪನಿಯಾದರೂ ನೀನು ಹೇಳಿದ್ದನ್ನು ಕಂಪನಿಗೆ ತಿಳಿಸದಂತೆ ವೃತ್ತಿಯ ಗೋಪ್ಯತೆ ಅವರನ್ನು ಕಟ್ಟಿಹಾಕಿದೆ.

ನಮ್ಮ ಕಡೆಯಿಂದ ಬಂದ ಹುಡುಗರು ಬಳಸದೆ ಬಿಡುವ ಬಾಗಿಲು ಇನ್ನೊಂದಿದೆ. ಬೆಟ್ರೀಬ್ಸ್‌ರಾಟ್ ಎಂದು ಕರೆಯುವ, ನೌಕರರೇ ಚುನಾಯಿಸುವ ಮಂಡಳಿ ಅದು. ಐದು ಮಂದಿ ಕಾಯಂ ನೌಕರರಿರುವ ಕಡೆಯೂ ಅದನ್ನು ರಚಿಸಬಹುದು. ಚಿಕ್ಕ ಕಂಪನಿಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ, ನಿನ್ನಲ್ಲಿ ಇದೆಯೇ ಎಂದು ಮೊದಲು ವಿಚಾರಿಸು. ಹುಬ್ಬಳ್ಳಿಯ ಕಡೆ ಯೂನಿಯನ್ ಎಂದರೆ ಗೇಟಿನ ಮುಂದಿನ ಘೋಷಣೆ ನೆನಪಾಗುವುದರಿಂದ ಆಫೀಸಿನ ಎಂಜಿನಿಯರುಗಳು ದೂರ ನಿಲ್ಲುತ್ತಾರೆ. ಈ ಮಂಡಳಿಯದು ಬೇರೆ ರೀತಿ. ಯಾರನ್ನೇ ಕೆಲಸದಿಂದ ತೆಗೆಯುವ ಮೊದಲು ಕಂಪನಿ ಇವರ ಅಭಿಪ್ರಾಯ ಕೇಳಬೇಕು, ಪ್ರೊಬೇಷನ್‌ನಲ್ಲಿದ್ದರೂ ಸರಿ. ಕೇಳದೆ ಕೊಟ್ಟ ನೋಟಿಸು ಊರ್ಜಿತವಾಗುವುದಿಲ್ಲ. ಕಂಪನಿ ನಿನ್ನ ಬಗ್ಗೆ ಇಟ್ಟಿರುವ ಕಡತವನ್ನು ನೋಡುವ ಹಕ್ಕು ನಿನಗಿದೆ, ಮಂಡಳಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡೂ ಹೋಗಬಹುದು. ಈಗಲೇ ದೂರು ಕೊಡಬೇಕಾಗಿಲ್ಲ. ಹೋಗಿ ಪರಿಚಯ ಹೇಳಿಕೊಂಡು ಬಂದರೆ ಸಾಕು.

ಪ್ರೊಬೇಷನ್ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಆರು ತಿಂಗಳವರೆಗೆ ಎರಡು ವಾರದ ನೋಟಿಸು ಸಾಕು, ಕಾರಣ ಹೇಳಬೇಕಾಗಿಲ್ಲ. ರಜೆ ಹಾಕಿ ಮಲಗಿದ್ದಾಗಲೂ ನೋಟಿಸು ಬರಬಹುದು. ಆರು ತಿಂಗಳು ದಾಟಿದ ಮೇಲೆ, ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ, ಕಾಯಿದೆ ಒಪ್ಪುವ ಕಾರಣವಿಲ್ಲದೆ ತೆಗೆಯುವಂತಿಲ್ಲ. ಹಾಗೆಂದು ಕಾಯಿಲೆಯನ್ನು ಬಚ್ಚಿಟ್ಟು ಇನ್ನು ಮೂರು ತಿಂಗಳು ಎಳೆಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಿದ್ದೆಗೆಟ್ಟವನು ಮಾಡುವ ತಪ್ಪುಗಳೇ ಪ್ರೊಬೇಷನ್ನಿಗೆ ಹೆಚ್ಚಿನ ಅಪಾಯ. ವೈದ್ಯರು ಬರೆದುಕೊಟ್ಟರೆ ಆರು ವಾರದವರೆಗೆ ಪೂರ್ತಿ ಸಂಬಳ ಕಂಪನಿಯೇ ಕೊಡಬೇಕು, ಪ್ರಮಾಣಪತ್ರದಲ್ಲಿ ಯಾವ ಕಾಯಿಲೆ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂದು ವೇಳೆ ಕೆಲಸ ಹೋದರೂ ಮರುದಿನವೇ ಗಂಟುಮೂಟೆ ಕಟ್ಟಬೇಕಾಗಿಲ್ಲ: ನೀನು ಬ್ಲೂ ಕಾರ್ಡ್ ಮೇಲೆ, ಅಂದರೆ ಓದಿದ ವಿದೇಶಿ ನೌಕರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿಯ ಮೇಲೆ, ಇರುವುದಾಗಿ ಬರೆದಿರುವೆ, ಯುರೋಪಿಯನ್ ಒಕ್ಕೂಟದ 2021ರ ನಿರ್ದೇಶನ ಹೊಸಬರಿಗೂ ಬೇರೆ ಕೆಲಸ ಹುಡುಕಲು ಕನಿಷ್ಠ 3 ತಿಂಗಳ ಅವಕಾಶ ಕೊಡುತ್ತದೆ. ವಿದೇಶಿಯರ ಕಚೇರಿಗೆ ಮಾತ್ರ ತಡಮಾಡದೆ ತಿಳಿಸಬೇಕು.

ಮನಸ್ಸಿಗೆ ಸಂಬಂಧಿಸಿದ ವೈದ್ಯರ ಬಳಿ ಹೋದರೆ ಊರಲ್ಲಿ ಏನಂದಾರು ಎಂದು ನೀನು ಅಂಜುತ್ತಿರುವುದು ನನಗೆ ಅರ್ಥವಾಗುತ್ತದೆ. ಧಾರವಾಡದ ಮಾನಸಿಕ ಆಸ್ಪತ್ರೆಯ ಹೆಸರನ್ನು ಬೈಗುಳವಾಗಿ ಬಳಸುವುದನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಇಂದು ಡಿಮ್‌ಹಾನ್ಸ್ ಎಂಬ ಹೆಸರಿನ ಆ ಸಂಸ್ಥೆಗೆ ನಿದ್ದೆಯ ತೊಂದರೆಗೂ ಚಿಂತೆಗೂ ಜನ ಬಂದು ತೋರಿಸಿಕೊಂಡು ಹೋಗುತ್ತಾರೆ. ಕೆಲಸದ ಒತ್ತಡ ಬಹಳ ಕಾಲ ಹತೋಟಿಗೆ ಬಾರದೆ ಉಂಟಾಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ ಪಟ್ಟಿಯಲ್ಲಿ, ಕಾಯಿಲೆ ಎಂದಲ್ಲದಿದ್ದರೂ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಸೇರಿಸಿತು. ಅದು ನಿನ್ನ ಸ್ವಭಾವದ ಕೊರತೆಯಲ್ಲ. ನಿನ್ನ ಮನೆಯ ಹತ್ತಿರ ಮನೆವೈದ್ಯರೊಬ್ಬರಲ್ಲಿ ಈ ವಾರವೇ ಹೆಸರು ಹಚ್ಚು. ಅವರಿಂದ ತಡವಾದರೆ 116117ಕ್ಕೆ ಫೋನ್ ಮಾಡಿ ಮನೋಚಿಕಿತ್ಸಕರ ಮೊದಲ ಭೇಟಿಗೆ ಸಮಯ ಕೇಳು. ರಾತ್ರಿ ತೀರಾ ತಡೆಯಲಾಗದಿದ್ದರೆ 0800 111 0 111 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲೂ ಶುಲ್ಕವಿಲ್ಲದೆ ಜರ್ಮನ್ ಭಾಷೆಯಲ್ಲಿ ಮಾತನಾಡುವವರಿದ್ದಾರೆ. ಕನ್ನಡದಲ್ಲೇ ಮಾತನಾಡಬೇಕೆನಿಸಿದರೆ ನನಗೆ ಬರೆ. ಸೋಮವಾರಕ್ಕೆ ಒಯ್ಯುವ ಪಟ್ಟಿಯನ್ನು ಮೊದಲು ನನಗೆ ಕಳಿಸಿದರೆ, ಗಂಟೆಗಳ ಲೆಕ್ಕದಲ್ಲಿ ನಿನಗೆ ನೀನೇ ಕಡಿಮೆ ಹಾಕಿಕೊಂಡಿದ್ದೀಯೋ ಎಂದು ನೋಡಿ ಹೇಳುತ್ತೇನೆ.