12 ಜನರ ಆಫೀಸಿಗೆ ಯಾವ ನೆಟ್‌ವರ್ಕ್ ಸ್ವಿಚ್?

12 ಜನರ ಆಫೀಸಿಗೆ ಮ್ಯಾನೇಜ್ಡ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ನೆಟ್‌ವರ್ಕ್‌ಗೆ ಜೋಡಿಸುವ, ಸೆಟ್ಟಿಂಗ್ ಬದಲಿಸಬಹುದಾದ ಪೆಟ್ಟಿಗೆ) ಬೇಕಾ ಅಂತ ಕೇಳಿದ್ದೀರಿ. ಗೆಸ್ಟ್ ವೈ-ಫೈ, ಕ್ಯಾಮೆರಾಗಳನ್ನು ಬೇರೆ ನೆಟ್‌ವರ್ಕ್‌ನಲ್ಲಿ ಇಡಬೇಕಿದ್ದರೆ ಮಾತ್ರ ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಮಾಡುವ ಸೌಲಭ್ಯ) ಇರುವ ಸ್ಮಾರ್ಟ್ ಸ್ವಿಚ್, ಅಂದರೆ ಸರಳ ಮ್ಯಾನೇಜ್ಡ್ ಸ್ವಿಚ್ ತಗೊಳ್ಳಿ. ಇಲ್ಲದಿದ್ದರೆ ಸುಮ್ನೆ ಜಾಸ್ತಿ ಖರ್ಚು. ಫ್ಯಾನ್ ಇಲ್ಲದ, 24 ಪೋರ್ಟ್‌ನ ಸಾದಾ ಗಿಗಾಬಿಟ್ ಸ್ವಿಚ್ ಸಾಕು. 16 ಪೋರ್ಟ್ ಬೇಗ ತುಂಬಿಬಿಡುತ್ತದೆ. ಪ್ರಿಂಟರ್, ವೈ-ಫೈ ಆಕ್ಸೆಸ್ ಪಾಯಿಂಟ್ ಎಲ್ಲ ಸೇರುತ್ತವೆ ಅಲ್ವಾ?

ಉಳಿದ ದುಡ್ಡನ್ನು ಕೇಬಲ್‌ಗೆ ಹಾಕಿ. ಪೂರ್ತಿ ತಾಮ್ರದ ಕ್ಯಾಟ್ 6 ಅಂತಲೇ ಕೇಳಿ ತಗೊಳ್ಳಿ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿ ಅಗ್ಗ ನಿಜ, ಆದರೆ ಬೇಗ ಮುರಿಯುತ್ತದೆ, ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವುದು) ಕೊಟ್ಟರೆ ಬಿಸಿಯಾಗುತ್ತದೆ. ನಾನು ಒಮ್ಮೆ ಅದನ್ನೇ ಹಾಕಿಸಿ, ಆಮೇಲೆ ಇಡೀ ವೈರಿಂಗ್ ಮತ್ತೆ ಮಾಡಿಸಬೇಕಾಯಿತು. ಒಂದು ಕೇಬಲ್‌ನ ಉದ್ದ 100 ಮೀಟರ್ ದಾಟಬಾರದು. ಪಿಒಇ ಸ್ವಿಚ್ ಆದರೆ ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಅಂತಲೂ ನೋಡಿ.