ಉಪ್ಪಿನಕಾಯಿ ಉದ್ಯಮಕ್ಕೆ ಹೂಡಿಕೆದಾರರು ಬೇಕಾ, ಸಾಲ ಸಾಕಾ?

ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರಬೇಕು, ಹೂಡಿಕೆದಾರರನ್ನು ಹೇಗೆ ಹುಡುಕೋದು ಅಂತ ಕೇಳಿದ್ದೀರಿ. ಸದ್ಯಕ್ಕೆ ಹುಡುಕಬೇಡಿ. ಹೂಡಿಕೆದಾರ ದುಡ್ಡಿನ ಬದಲು ಕಂಪನಿಯಲ್ಲಿ ಪಾಲು ಕೇಳುತ್ತಾನೆ, ಕೆಲವೇ ವರ್ಷದಲ್ಲಿ ಅದು ಹತ್ತಾರು ಪಟ್ಟು ಬೆಳೀಬೇಕು ಅಂತಾನೆ. ಹಪ್ಪಳ ಹಾಗೆ ಬೆಳೆಯಲ್ಲ, ಅಲ್ವಾ?

ನಿಮಗೆ ಸರಿಹೋಗುವುದು ಸಬ್ಸಿಡಿ ಇರುವ ಸಾಲ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ತಯಾರಿಕಾ ಘಟಕಗಳಿಗಾಗಿ ಇರುವ ಕೇಂದ್ರದ ಯೋಜನೆಯಲ್ಲಿ, ಕೇಂದ್ರದ ಸಬ್ಸಿಡಿ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಅದರ ಮೇಲೆ ಕರ್ನಾಟಕ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಮಾಡಿತು. ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಶಿವಮೊಗ್ಗದ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಆದರೆ ಸಬ್ಸಿಡಿ ಹಣ ಕೈಗೆ ಬರಲ್ಲ, ಸಾಲದ ಬ್ಯಾಂಕಿನಲ್ಲೇ ಮೂರು ವರ್ಷ ಇದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ವೆಚ್ಚದಲ್ಲಿ ನಿಮ್ಮದೂ ಕನಿಷ್ಠ ಶೇ 10 ಹಾಕಬೇಕು.

ಎಲ್ಲರೂ ಎಡವುವುದು ಬೇರೆ ಕಡೆ. ಮಿಡಿ ಬರೋದು ಬೇಸಿಗೆಯ ಕೆಲವೇ ವಾರ, ಅಷ್ಟರಲ್ಲಿ ವರ್ಷಕ್ಕಾಗುವಷ್ಟು ಕೊಂಡು ಉಪ್ಪಿಗೆ ಹಾಕಬೇಕು, ಕೊಯ್ದವರಿಗೆ ಅವತ್ತೇ ದುಡ್ಡು ಕೊಡಬೇಕು, ಅಂಗಡಿಯವರು ಮಾತ್ರ ನಿಮಗೆ ಎರಡು ತಿಂಗಳು ಬಿಟ್ಟು ಕೊಡ್ತಾರೆ. ನಮ್ಮ ಪರಿಚಯದವರೊಬ್ಬರು ಇದ್ದಬದ್ದ ದುಡ್ಡನ್ನೆಲ್ಲ ಮಷಿನ್‌ಗೆ ಸುರಿದು, ಮಿಡಿ ಬಂದಾಗ ಕೈಕಟ್ಟಿ ಕೂತರು. ಸಬ್ಸಿಡಿ ಹೆಚ್ಚಾಗಿ ಯಂತ್ರ, ಕಟ್ಟಡದ ಖರ್ಚಿಗೆ. ಹಾಗಾಗಿ ಮಿಡಿ ಕೊಳ್ಳೋಕೆ ಬೇರೆಯಾಗಿ ಕ್ಯಾಶ್ ಕ್ರೆಡಿಟ್ (ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಬ್ಯಾಂಕ್ ಸಾಲ) ಕೇಳಿ, ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೇ ಅದನ್ನು ಬರೆಸಿ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮೊದಲೇ ಮಾಡಿಸಿ. ಮೊದಲ ವರ್ಷ ಮನೆ ಅಡುಗೆಮನೆಯಲ್ಲೇ ನೂರು ಬಾಟಲಿ ಮಾಡಿ ಮಾರಿ ನೋಡಿ. ಆ ಬಿಲ್ಲುಗಳನ್ನು ಜೋಪಾನವಾಗಿಡಿ, ಬ್ಯಾಂಕ್ ಮ್ಯಾನೇಜರ್ ಕೇಳೋದೇ ಅದನ್ನು.