‘ಕ್ರಿಸ್ತನಲ್ಲಿ ಸ್ವತಂತ್ರಳು’ ಎನ್ನುವವರಿಗೆ ಇಷ್ಟೊಂದು ಕಟ್ಟುಪಾಡು ಏಕೆ?

ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ನಿಮ್ಮ ಕೋಣೆಯಲ್ಲಿರುವ ಗೆಳತಿ ‘ನಾನು ಕ್ರಿಸ್ತನಲ್ಲಿ ಸ್ವತಂತ್ರಳು’ ಎಂದು ಆಗಾಗ ಹೇಳುತ್ತಾರೆ, ಆದರೆ ಭಾನುವಾರ ಎಷ್ಟೇ ಓದುವುದಿದ್ದರೂ ಸಂತ ಫಿಲೋಮಿನಾ ಚರ್ಚಿನ ಬಲಿಪೂಜೆ ಎಂಬ ಆರಾಧನೆಯನ್ನು ತಪ್ಪಿಸುವುದಿಲ್ಲ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾಂಸ ಮುಟ್ಟುವುದಿಲ್ಲ, ಮಲಗುವ ಮುನ್ನ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾರೆ ಎಂದು ಬರೆದಿದ್ದೀರಿ. ಇಷ್ಟೊಂದು ಕಟ್ಟುಪಾಡಿನ ನಡುವೆ ಸ್ವಾತಂತ್ರ್ಯವೆಲ್ಲಿದೆ, ಅವರು ಹೇಳುವುದು ನಮ್ಮವರು ಮೋಕ್ಷ ಎನ್ನುವುದನ್ನೇ ಅಥವಾ ಬೇರೆಯದನ್ನೇ ಎಂದು ಕೇಳಿದ್ದೀರಿ. ನಾನು ಮೈಸೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ನಿವೃತ್ತ ಕನ್ನಡ ಮೇಷ್ಟ್ರು. ನಿಮ್ಮ ಗೆಳತಿ ಕಥೋಲಿಕರು, ನಾನು ಪ್ರೊಟೆಸ್ಟೆಂಟ್. ಆಚರಣೆಯಲ್ಲಿ ನಮ್ಮ ನಡುವೆ ವ್ಯತ್ಯಾಸಗಳಿವೆ. ಆದರೂ ನೀವು ಕೇಳಿರುವ ವಿಷಯದಲ್ಲಿ ನಾವಿಬ್ಬರೂ ಓದುವುದು ಒಂದೇ ವೇದಪುಸ್ತಕವನ್ನಾದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಪದವನ್ನೇ ನೋಡೋಣ. ಕನ್ನಡ ಬೈಬಲ್ ಓದಿ ಬೆಳೆದವರ ಕಿವಿಗೆ ‘ಸ್ವಾತಂತ್ರ್ಯ’ಕ್ಕಿಂತ ಮೊದಲು ಬೀಳುವುದು ‘ಬಿಡುಗಡೆ’, ‘ವಿಮೋಚನೆ’, ‘ಈಡು’ ಎಂಬ ಮಾತುಗಳು. ಇವು ಮೂರೂ ಗುಲಾಮಗಿರಿಯ ಲೋಕದಿಂದ ಬಂದವು. ಐಗುಪ್ತ ದೇಶದಲ್ಲಿ, ಎಂದರೆ ಈಜಿಪ್ಟಿನಲ್ಲಿ, ದೊರೆ ಫರೋಹನಿಗಾಗಿ ಇಟ್ಟಿಗೆ ಮಾಡುತ್ತಿದ್ದ ಇಸ್ರಾಯೇಲ್ಯರನ್ನು ದೇವರು ಬಿಡಿಸಿದ ಕಥೆ, ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬೆನ್ನೆಲುಬು. ತಾನು ಬಂದಿರುವುದು ಅನೇಕರಿಗಾಗಿ ಪ್ರಾಣವನ್ನೇ ಈಡಾಗಿ ಕೊಡುವುದಕ್ಕೆ ಎಂದು ಯೇಸು ಹೇಳಿದಾಗ, ಹಣ ಕಟ್ಟಿ ಗುಲಾಮನನ್ನು ಬಿಡಿಸಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದ ಆ ಕಾಲದ ಜನರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದ್ದರಿಂದ ನಮ್ಮ ನಂಬಿಕೆಯಲ್ಲಿ ಸ್ವತಂತ್ರ ಎಂದರೆ ಮನಸ್ಸಿಗೆ ಬಂದಂತೆ ಇರುವವನು ಎಂದಾಗುವುದಿಲ್ಲ; ಒಬ್ಬ ಯಜಮಾನನ ಕೈಯಿಂದ ಬಿಡಿಸಲ್ಪಟ್ಟವನು ಎಂದಾಗುತ್ತದೆ. ಆ ಯಜಮಾನ ಪಾಪ. ಪಾಪದ ಬೆನ್ನಿಗೇ ಬರುವ ಭಯ. ದೇವರ ಮುಂದೆ ನನ್ನ ಯೋಗ್ಯತೆಯನ್ನು ನಾನೇ ದುಡಿದು ಸಂಪಾದಿಸಬೇಕು, ಇಲ್ಲವಾದರೆ ನನಗೆ ಉಳಿಗಾಲವಿಲ್ಲ ಎಂಬ ಭಯ.

ಜೀತದಿಂದ ಬಿಡುಗಡೆಯಾಗುವುದು ಎಂದರೇನು ಎಂಬುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆ ಮನೆಯಲ್ಲೇ ನೋಡಿದೆ. ನನ್ನ ತಾತ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮದುವೆಗೆಂದು ತೆಗೆದ ಸಾಲಕ್ಕೆ, ಜಮೀನುದಾರರೊಬ್ಬರ ಮನೆಯಲ್ಲಿ ಜೀತಕ್ಕಿದ್ದವರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಿಂದ ಸಾಲವೂ ಜೀತವೂ ಒಟ್ಟಿಗೇ ತೀರಿದಾಗ ನನಗೆ 13 ವರ್ಷ. ಮನೆಯಲ್ಲಿ ಪಾಯಸ ಮಾಡಿದ್ದರು. ಆದರೆ ಮರುದಿನವೂ ಅದರ ಮರುದಿನವೂ ಕೋಳಿ ಕೂಗುವ ಹೊತ್ತಿಗೆ ತಾತ ಎದ್ದು, ಕಂಬಳಿ ಹೊದ್ದುಕೊಂಡು, ಯಾರೂ ಕರೆಯದಿದ್ದರೂ ಆ ಮನೆಯ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತಿರುತ್ತಿದ್ದರು; ಕರೆದುಕೊಂಡು ಬಾ ಎಂದು ಅಜ್ಜಿ ನನ್ನನ್ನು ಅಟ್ಟುತ್ತಿದ್ದರು. ಒಂದು ಬೆಳಿಗ್ಗೆ ‘ಯಾಕ್ ತಾತ ಇಲ್ಲಿಗ್ ಬಂದೆ, ನಿನ್ನ ಬುಟ್ಬುಟ್ಟವ್ರಲ್ಲ’ ಎಂದು ಕೇಳಿದೆ. ಕೈಯಲ್ಲಿದ್ದ ಸಗಣಿ ಬುಟ್ಟಿಯನ್ನು ಕೆಳಗಿಡದೆಯೇ ಅವರು ಹೇಳಿದರು: ‘ಕಾಗ್ದದಲ್ಲಿ ಬುಟ್ಬುಟ್ರು ಕನ ಮಗ, ಕಾಲು ಕೇಳ್ಬ್ಯಾಡ್ವಾ?’

ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನು ಗಲಾತ್ಯ ಸೀಮೆಯ ಸಭೆಗಳಿಗೆ, ಎಂದರೆ ಇಂದಿನ ಟರ್ಕಿಯ ಒಳನಾಡಿನವರಿಗೆ, ಬರೆದ ಪತ್ರವನ್ನು ಓದುವಾಗಲೆಲ್ಲ ನನಗೆ ತಾತನ ಆ ಕಾಲುಗಳು ನೆನಪಾಗುತ್ತವೆ. ಅಲ್ಲಿನ ವಿಶ್ವಾಸಿಗಳಲ್ಲಿ ಹೆಚ್ಚಿನವರು ಯೆಹೂದ್ಯರಲ್ಲ. ಕ್ರಿಸ್ತನನ್ನು ನಂಬಿದ ಮೇಲೆ, ‘ನಂಬಿಕೆಯೊಂದೇ ಸಾಲದು, ಸುನ್ನತಿ ಮಾಡಿಸಿಕೊಳ್ಳಬೇಕು, ಯೆಹೂದ್ಯರ ಮೋಶೆಯ ಧರ್ಮಶಾಸ್ತ್ರವನ್ನೂ ಕೈಕೊಳ್ಳಬೇಕು’ ಎಂದು ಬೋಧಿಸುವವರು ಬಂದರು, ಇವರೂ ಅದಕ್ಕೆ ತಲೆಬಾಗತೊಡಗಿದರು. ಪೌಲನ ಎದೆಗೆ ಬೆಂಕಿ ಬಿದ್ದಂತಾಯಿತು. ಕ್ರಿಸ್ತನು ನಿಮ್ಮನ್ನು ಬಿಡಿಸಿದ್ದು ನೀವು ಸ್ವತಂತ್ರರಾಗಿರಲಿ ಎಂದೇ, ಹಾಗಿರುವಾಗ ಮತ್ತೆ ದಾಸತ್ವದ ನೊಗಕ್ಕೆ ಕೊರಳು ಕೊಡಬೇಡಿ ಎಂದು ಐದನೆಯ ಅಧ್ಯಾಯದ ಮೊದಲ ವಚನದಲ್ಲೇ ಹೇಳುತ್ತಾನೆ. ಬಿಡಿಸಿಕೊಂಡವನ ಕಾಲು ಹಳೆಯ ಕೊಟ್ಟಿಗೆಯ ಕಡೆಗೇ ನಡೆಯುತ್ತದೆ ಎಂಬುದು ವೇದಪುಸ್ತಕಕ್ಕೆ ಚೆನ್ನಾಗಿ ಗೊತ್ತು. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರೂ ಅರಣ್ಯದಲ್ಲಿ ನಿಂತು, ಅಲ್ಲಿ ತಿನ್ನುತ್ತಿದ್ದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು.

ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಘಟನೆಯಿದೆ. ನಮ್ಮ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಇದು ಪಂಕ್ತಿಯ ಪ್ರಶ್ನೆ. ಅಂತಿಯೋಕ್ಯ ಪಟ್ಟಣದಲ್ಲಿ ಪೇತ್ರನು, ಯೇಸುವಿನ ಶಿಷ್ಯರಲ್ಲಿ ಅಗ್ರಗಣ್ಯನಾದವನು, ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದರೆಂದು ತಿಳಿದೊಡನೆ, ಅವರೇನಂದುಕೊಳ್ಳುತ್ತಾರೋ ಎಂದು ಹೆದರಿ ಎದ್ದು ಬೇರೆಯಾದ. ಪೌಲ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಊಟದ ಮನೆಯ ಸಣ್ಣ ವಿಷಯಕ್ಕೆ ಇಷ್ಟೊಂದು ಕೋಪವೇಕೆ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಪಂಕ್ತಿ ಬಿಟ್ಟು ಎದ್ದವನು ತಾನು ಯಾರ ಜೊತೆ ಕೂತರೆ ತನ್ನ ಬೆಲೆ ಕಡಿಮೆಯಾಗುತ್ತದೆ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದಾನೆ. ಆ ಲೆಕ್ಕ ನಿಲ್ಲುವ ತನಕ ಬಿಡುಗಡೆ ಕಾಗದದಲ್ಲೇ ಇರುತ್ತದೆ. ನನ್ನ ತಾತನಿಗೆ ಆ ಮನೆಯಲ್ಲಿ ನೀರು ಸಿಗುತ್ತಿದ್ದುದು ಮೇಲಿನಿಂದ ಬೊಗಸೆಗೆ ಸುರಿದಾಗ ಮಾತ್ರ. ತಿಂಗಳಿಗೊಮ್ಮೆ ಸಭಾಪಾಲಕರು ಊರಿಗೆ ಬಂದು ಕರ್ತನ ಭೋಜನದ ಸಂಸ್ಕಾರ, ಎಂದರೆ ಯೇಸುವಿನ ಕಡೆಯ ಊಟವನ್ನು ನೆನೆದು ರೊಟ್ಟಿ ದ್ರಾಕ್ಷಾರಸ ಹಂಚುವ ವಿಧಿ, ನಡೆಸುವಾಗ ಒಂದೇ ಬಟ್ಟಲು ಒಬ್ಬರಾದ ಮೇಲೆ ಒಬ್ಬರ ತುಟಿಗೆ ಮುಟ್ಟುತ್ತಿತ್ತು. ತಾತ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಗುಟುಕಿಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ಹಿಡಿದುಕೊಂಡಿರುತ್ತಿದ್ದರು.

ಇಷ್ಟೆಲ್ಲ ಕಂಡಿದ್ದ ನಾನು ಮಾತ್ರ ಬಹಳ ಕಾಲ ಭಯದಲ್ಲೇ ಇದ್ದೆ, ಮತ್ತು ಆ ಭಯವನ್ನೇ ಭಕ್ತಿಯೆಂದು ತಿಳಿದಿದ್ದೆ. ಮೈಸೂರಿನಲ್ಲಿ ಮನೆ ಮಾಡಿದ ಹೊಸತರಲ್ಲಿ, ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತಿದ್ದ ಪಕ್ಕದ ಮನೆಯ ಅಮ್ಮ ಆರತಿ ಮುಗಿದ ಮೇಲೆ ಕಡಲೆಕಾಳು ಉಸಲಿಯ ಚರ್ಪನ್ನು ಬಟ್ಟಲಲ್ಲಿ ತಂದುಕೊಡುತ್ತಿದ್ದರು. ನಾನು ನಗುತ್ತ ಇಸಿದುಕೊಂಡು, ಅಡುಗೆಮನೆಗೆ ಹೋಗಿ ಅದನ್ನು ಕಸದ ಬುಟ್ಟಿಗೆ ಸುರಿದು, ಬಟ್ಟಲು ತೊಳೆದು ಹಿಂದಿರುಗಿಸುತ್ತಿದ್ದೆ. ಒಮ್ಮೆ ಹಾಗೆ ಸುರಿಯುವಾಗ ಆ ಮನೆಯ ಏಳೆಂಟು ವರ್ಷದ ಹುಡುಗಿ ನನ್ನ ಮಗಳ ಜೊತೆ ಆಡಲು ಬಂದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಬಟ್ಟಲನ್ನು ತಾನೇ ತೆಗೆದುಕೊಂಡು ಹೋದಳು. ಮುಂದಿನ ವರ್ಷ ಚರ್ಪು ಬರಲಿಲ್ಲ.

ಆಮೇಲೆಯೇ ನಾನು ಪೌಲನು ಗ್ರೀಸಿನ ಕೊರಿಂಥ ಪಟ್ಟಣದವರಿಗೆ ಬರೆದ ಮೊದಲನೆಯ ಪತ್ರದ ಎಂಟರಿಂದ ಹತ್ತರವರೆಗಿನ ಅಧ್ಯಾಯಗಳನ್ನು ಗಮನವಿಟ್ಟು ಓದಿದ್ದು. ಕೊರಿಂಥದಲ್ಲಿ ದೇವಾಲಯಗಳಲ್ಲಿ ಅರ್ಪಿಸಿದ ಮಾಂಸ ಅಂಗಡಿಗೂ ನೆಂಟರ ಮನೆಯ ಊಟಕ್ಕೂ ಬರುತ್ತಿತ್ತು. ತಿನ್ನಬಹುದೇ ಎಂಬುದು ಅಲ್ಲಿಯವರ ಪ್ರಶ್ನೆ. ಪೌಲ ಅಲ್ಲಿ ಎರಡು ಮಾತು ಹೇಳುತ್ತಾನೆ. ಆಹಾರವು ನಮ್ಮನ್ನು ದೇವರ ಹತ್ತಿರಕ್ಕೂ ತರುವುದಿಲ್ಲ, ದೂರವೂ ಮಾಡುವುದಿಲ್ಲ. ಕರೆದವರ ಮನೆಯಲ್ಲಿ ಬಡಿಸಿದ್ದನ್ನು ಶಂಕೆಪಡದೆ ಉಣ್ಣಿರಿ ಎಂಬುದು ಒಂದು. ನೀನು ಉಣ್ಣುವುದನ್ನು ಕಂಡು ಇನ್ನೊಬ್ಬನ ಮನಸ್ಸಾಕ್ಷಿ ಮುಗ್ಗರಿಸುವುದಾದರೆ ಆ ಹಕ್ಕನ್ನು ನೀನೇ ಬಿಟ್ಟುಬಿಡು ಎಂಬುದು ಇನ್ನೊಂದು. ಇತರರ ಪೂಜೆಯಲ್ಲಿ ತಾನು ಭಾಗಿಯಾಗಲಾರೆ ಎಂಬುದನ್ನೂ ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ, ನಾನೂ ಅದನ್ನು ಒಪ್ಪುತ್ತೇನೆ. ಪ್ರಸಾದದ ವಿಷಯದಲ್ಲಿ ನನ್ನ ತೀರ್ಮಾನವನ್ನು ಒಪ್ಪದವರು ನಮ್ಮ ಸಭೆಯಲ್ಲೇ ಇದ್ದಾರೆ. ನನಗೆ ಕಂಡದ್ದು ಇಷ್ಟು: ಕಡಲೆಕಾಳಿಗೆ ಹೆದರಿ ನೆರೆಯವರ ಪ್ರೀತಿಯನ್ನು ಕಸಕ್ಕೆ ಸುರಿದವನು ಸ್ವತಂತ್ರನಲ್ಲ. ಈಗ ಯಾರಾದರೂ ಕೊಟ್ಟರೆ ಕೂತು ತಿನ್ನುತ್ತೇನೆ. ಆದರೆ ನಮ್ಮ ವಾಕ್ಯಾಧ್ಯಯನಕ್ಕೆ, ಎಂದರೆ ಬೈಬಲ್ ಓದುವ ಕೂಟಕ್ಕೆ, ಬರುವ ಒಬ್ಬ ಹೆಂಗಸಿಗೆ ಅದು ಬಿಟ್ಟುಬಂದ ಬದುಕಿಗೆ ಮರಳಿದಂತೆ ಕಾಣುತ್ತದೆ. ಆಕೆ ಜೊತೆಗಿದ್ದಾಗ ತಿನ್ನುವುದಿಲ್ಲ. ನಿಮ್ಮ ಗೆಳತಿ ಹೋಗುವ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡೇಶ್ವರಿಯ ಒಕ್ಕಲಿನ ಅರಸರು ತಮ್ಮ ನಂಬಿಕೆಯನ್ನು ಎಳ್ಳಷ್ಟೂ ಬಿಡದೆ ಇನ್ನೊಬ್ಬರ ಪ್ರಾರ್ಥನಾ ಮಂದಿರಕ್ಕೆ ಕಲ್ಲಿಟ್ಟರಲ್ಲ, ಅಂಥ ನಿರ್ಭಯ ನನಗೆ ಬರುವುದಕ್ಕೆ ಅರ್ಧ ಆಯುಷ್ಯ ಬೇಕಾಯಿತು.

ಇನ್ನು ಕಟ್ಟುಪಾಡಿನ ಮಾತು. ಮೈಸೂರು ಸೀಮೆಯಲ್ಲಿ ನಮ್ಮ ಸಭೆಗೆ ಬೇರು ಹಾಕಿದ್ದು ವೆಸ್ಲಿಯನ್ ಮಿಷನ್; ಅದಕ್ಕೆ ಹೆಸರು ಕೊಟ್ಟ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ವಾರದಲ್ಲಿ ಎರಡು ದಿನ ಉಪವಾಸವಿದ್ದು, ಸೆರೆಮನೆಗೆ ಹೋಗಿ ಕೈದಿಗಳನ್ನು ಕಂಡು, ದಿನದ ಪ್ರತಿ ಗಂಟೆಯ ಲೆಕ್ಕ ಬರೆದಿಡುತ್ತಿದ್ದವರು. ಇಷ್ಟಾದರೂ ಸಾವಿನ ಭಯ ಅವರನ್ನು ಬಿಟ್ಟಿರಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ, ಪೌಲನು ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಧರ್ಮಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ‘ಕ್ರಿಸ್ತನು ನನ್ನ ಪಾಪಗಳನ್ನೇ, ನನ್ನವನ್ನೇ, ತೆಗೆದುಹಾಕಿದ್ದಾನೆ’ ಎಂಬ ಭರವಸೆ ಅವರಿಗೆ ಹುಟ್ಟಿತು. ಅದಾದ ಮೇಲೆ ಅವರು ಉಪವಾಸವನ್ನಾಗಲಿ ಕೈದಿಗಳನ್ನಾಗಲಿ ಬಿಡಲಿಲ್ಲ. ಅದೇ ಕೆಲಸಗಳನ್ನು ಇನ್ನೂ 50 ವರ್ಷ ಮಾಡಿದರು. ಮೊದಲು ತನಗಿದ್ದದ್ದು ಆಳಿನ ನಂಬಿಕೆ, ಮಗನ ನಂಬಿಕೆಯಲ್ಲ ಎಂದು ಮುಂದೆ ಅವರೇ ಹಿಂದಿರುಗಿ ನೋಡಿ ಬರೆದರು. ನೀವು ಮಂಡ್ಯದ ಕಡೆಯವರಾದರೆ ಇದನ್ನು ಗದ್ದೆಯಲ್ಲೇ ಕಂಡಿರುತ್ತೀರಿ. ಕಬ್ಬಿಗೆ ನೀರು ಹಾಯಿಸುವ ಸರದಿ ನಡುರಾತ್ರಿಗೆ ಬಂದರೆ ಮಗನೂ ಏಳುತ್ತಾನೆ, ಜೀತದಾಳೂ ಏಳುತ್ತಾನೆ. ಇಬ್ಬರ ಕಾಲಿಗೂ ಅದೇ ಕೆಸರು. ಒಬ್ಬ ಏಳದಿದ್ದರೆ ಏಟು ಬೀಳುತ್ತದೆಂದು ಏಳುತ್ತಾನೆ. ಇನ್ನೊಬ್ಬ ತನ್ನ ಅಪ್ಪನ ಗದ್ದೆಯೆಂದು ಏಳುತ್ತಾನೆ, ನಿದ್ದೆಗೆಟ್ಟದ್ದಕ್ಕೆ ಗೊಣಗಿದರೂ ಅವನನ್ನು ಯಾರೂ ಮನೆಯಿಂದ ಹೊರಗೆ ಹಾಕುವುದಿಲ್ಲ.

ಮೋಕ್ಷದ ಬಗ್ಗೆ ಕೇಳಿದ್ದಿರಿ. ಕೃಪೆಯಿಂದಲೇ ಬಿಡುಗಡೆ ಎಂಬ ಮಾತು ಭಕ್ತಿಮಾರ್ಗವನ್ನು ಬಲ್ಲ ಕನ್ನಡಿಗರಿಗೆ ಹೊಸದೇನಲ್ಲವಾದ್ದರಿಂದ ಅಷ್ಟರ ಮಟ್ಟಿಗೆ ಹತ್ತಿರವಿದೆ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಹುಟ್ಟು ಸಾವುಗಳ ಸುತ್ತಿನಿಂದ ಪಾರಾಗುವ ಕಲ್ಪನೆಯಿಲ್ಲ, ದೇಹವನ್ನು ಕಳಚಿಟ್ಟು ಹೋಗುವ ಆಸೆಯೂ ಇಲ್ಲ. ದೇಹವೇ ಪುನರುತ್ಥಾನ ಹೊಂದುವುದೆಂದು, ಸೃಷ್ಟಿಯೇ ನಾಶದ ದಾಸತ್ವದಿಂದ ಬಿಡುಗಡೆಯಾಗುವುದೆಂದು ನಾವು ಎದುರುನೋಡುತ್ತೇವೆ. ಹಾಗಾಗಿ ಈ ಸ್ವಾತಂತ್ರ್ಯ ಬದುಕಿನಾಚೆ ಸಿಗಲಿರುವ ಸ್ಥಿತಿಯಷ್ಟೇ ಆಗಿರದೆ, ಇಲ್ಲಿಯೇ, ಯಾರ ಪಕ್ಕ ಕೂತು ಉಣ್ಣುತ್ತೇವೆ ಎಂಬಲ್ಲಿಂದಲೇ ಶುರುವಾಗುತ್ತದೆ. ಇದನ್ನು ಬೋಧಿಸುವ ನಮ್ಮ ಸಭೆಗಳಲ್ಲೇ ಮಕ್ಕಳ ಮದುವೆಯ ಮಾತು ಬಂದಾಗ ಜಾತಿ ವಿಚಾರಿಸುವುದು ಇನ್ನೂ ನಿಂತಿಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂದು ಭಾನುವಾರ ಓದಿ, ಸೋಮವಾರ ಹಾಗೆ ವಿಚಾರಿಸುವುದು ನನಗೆ ತಡೆಯಲಾರದ ನೋವು ಕೊಡುತ್ತದೆ. ನಿಮ್ಮಂಥವರು ನಮ್ಮ ಮಾತನ್ನು ನಂಬದಿದ್ದರೆ ತಪ್ಪು ನಿಮ್ಮದಲ್ಲ.

ನಿಮ್ಮ ಗೆಳತಿಯ ಬಳಿ ಕೂತು ಮಾತಾಡುವ ಸಂದರ್ಭ ಬಂದರೆ, ಯಾವುದಾದರೂ ಭಾನುವಾರ ಜ್ವರ ಬಂದು ಚರ್ಚಿಗೆ ಹೋಗಲಾಗದಿದ್ದರೆ ನಿನ್ನ ಮನಸ್ಸಿಗೆ ಹೇಗಾಗುತ್ತದೆ ಎಂದು ಕೇಳಿ ನೋಡಿ. ದೇವರು ಮುನಿಯುತ್ತಾನೆ ಎನ್ನುತ್ತಾರೋ, ಮನೆಯವರನ್ನು ಕಾಣದೆ ಉಳಿದಂತೆ ಬೇಸರವಾಗುತ್ತದೆ ಎನ್ನುತ್ತಾರೋ, ಅವರ ಉತ್ತರದಿಂದ ನಿಮಗೆ ಬಹಳಷ್ಟು ತಿಳಿಯುತ್ತದೆ. ಗಲಾತ್ಯದವರಿಗೆ ಬರೆದ ಪತ್ರ ಆರೇ ಅಧ್ಯಾಯದ್ದು, ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಅವರ ಬೈಬಲನ್ನೇ ಕೇಳಿ ತೆಗೆದುಕೊಳ್ಳಿ. ಪೇತ್ರನು ಪಂಕ್ತಿ ಬಿಟ್ಟು ಎದ್ದ ಎರಡನೆಯ ಅಧ್ಯಾಯದಿಂದ ಶುರುಮಾಡಿ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕೂತು ಓದಿ.